‘ಚಾರ್ಜು’ ಮಾತಿನ ಪೂರ್ವೋತ್ತರ

ಕಳೆದ ತಿಂಗಳು ಒಂದು ಸಂಜೆ ಮೆಜೆಸ್ಟಿಕ್ಕಿನಿಂದ ಮಾಗಡಿ ರಸ್ತೆಯ ಮಾರ್ಗವಾಗಿ ವಿಜಯನಗರಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತಿದ್ದೆ. ಕಾಲೇಜು ಹುಡುಗನೊಬ್ಬ ನನ್ನ ಮುಂದಿನ ಕಂಬಕ್ಕೆ ಒರಗಿ ನಿಂತಿದ್ದ. ಕಂಡಕ್ಟರು ಬಂದು ಎದುರಿಗೆ ನಿಂತಾಗ ಅವನು ಜೇಬಿನಿಂದ ಫೋನು ತೆಗೆದು, ಎರಡು ಸಲ ಒತ್ತಿ ನೋಡಿ, ಮುಖ ಸಣ್ಣದು ಮಾಡಿಕೊಂಡು, “ಸಾರ್, ಚಾರ್ಜಿಲ್ಲ” ಎಂದ. ಕಿಟಕಿಯ ಪಕ್ಕ ಕುಳಿತಿದ್ದ ಅಜ್ಜಿಯೊಬ್ಬಳು ಸೊಂಟದ ಚೀಲ ಬಿಚ್ಚಿ ಇಪ್ಪತ್ತರ ನೋಟೊಂದನ್ನು ಎತ್ತಿ ಹಿಡಿದು, “ಇಲ್ದಿದ್ರೆ ಏನಾಯ್ತು ಮಗ, ಚಾರ್ಜು ನಾನ್ ಕೊಡ್ತೀನಿ, ತಗೋ” ಎಂದಳು. ಹುಡುಗ ನಾಚಿಕೊಂಡು, “ಅಯ್ಯೋ ಅದಲ್ಲಜ್ಜಿ, ಫೋನಲ್ಲಿ ಚಾರ್ಜಿಲ್ಲ” ಎಂದು ತಿಳಿಯಹೇಳಲು ನೋಡಿದ. ಅಜ್ಜಿ, “ಯಾವುದ್ರಲ್ಲಿ ಇಲ್ದಿದ್ರೇನು, ಇಲ್ಲ ತಾನೆ?” ಎಂದು ನೋಟನ್ನು ಕಂಡಕ್ಟರ ಕೈಗೇ ಕೊಟ್ಟುಬಿಟ್ಟಳು. ತಮಾಷೆಯೆಂದರೆ, ೨೦೨೩ರ ಜೂನ್ ೧೧ರಿಂದ ನಮ್ಮ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟು ಉಚಿತವಾದ್ದರಿಂದ, ಹುಡುಗನ ಚಾರ್ಜು ಕೊಟ್ಟ ಆ ಅಜ್ಜಿಗೆ ತನ್ನ ಚಾರ್ಜು ಕೊಡುವ ಗೊಡವೆಯೇ ಇರಲಿಲ್ಲ!

ಅಜ್ಜಿಯ ತರ್ಕದಲ್ಲಿ ತಪ್ಪೇನೂ ಇಲ್ಲ. ಈಗಿನ ಹುಡುಗರ ದುಡ್ಡೆಲ್ಲ ಫೋನಿನೊಳಗೇ ಇರುವುದರಿಂದ ಒಂದು ಚಾರ್ಜು ಇಲ್ಲದಿದ್ದರೆ ಇನ್ನೊಂದು ಚಾರ್ಜೂ ಇಲ್ಲ. ಆದರೂ ನನಗೆ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಈ ಒಂದು ಮಾತು ನಮ್ಮ ಮನೆಯಲ್ಲಿ ಹಿಂದೆ ಆಡಿದ ಆಟ ಇಷ್ಟು ನಗುವಂಥದಾಗಿರಲಿಲ್ಲ.

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳುಳ್ಳ ಮಾತು ಇದಲ್ಲ. ೧೯೨೮ರಲ್ಲಿ ಮುಗಿದ ಆಕ್ಸ್‌ಫರ್ಡಿನ ಮಹಾನಿಘಂಟಿನಲ್ಲಿ ‘ಸೆಟ್’ ಎಂಬ ಮೂರಕ್ಷರದ ಕ್ರಿಯಾಪದವೇ ಎಲ್ಲಕ್ಕಿಂತ ಹೆಚ್ಚು ಜಾಗ ಹಿಡಿದಿತ್ತು. ಈಗ ಅದನ್ನು ಪರಿಷ್ಕರಿಸುತ್ತಿರುವವರು ‘ರನ್’ ಎಂಬ ಮಾತಿಗೆ ಆರುನೂರಕ್ಕೂ ಮೇಲ್ಪಟ್ಟ ಅರ್ಥಗಳನ್ನು ಎಣಿಸಿದ್ದಾರೆ. ಆದರೆ ‘ಸೆಟ್’ಟಾಗಲಿ ‘ರನ್’ ಆಗಲಿ ಕನ್ನಡಿಗನ ಬಾಳಿನಲ್ಲಿ ‘ಚಾರ್ಜಿ’ನಷ್ಟು ಕೈಯಾಡಿಸಿಲ್ಲ. ಬಸ್ಸಿಗೆ ಕೊಡುವುದು ಚಾರ್ಜು. ತಹಸೀಲ್ದಾರರು ಬಂದು ವಹಿಸಿಕೊಳ್ಳುವುದು ಚಾರ್ಜು. ಗುಂಪು ಚದುರಿಸಲು ಪೊಲೀಸರು ಮಾಡುವುದು ಲಾಠಿ ಚಾರ್ಜು. ಅದರಲ್ಲಿ ಪೆಟ್ಟು ತಿಂದವನ ಮೇಲೆಯೇ ಆಮೇಲೆ ಹಾಕುವುದು ಚಾರ್ಜ್‌ಶೀಟು. ಅವನನ್ನು ಸೇರಿಸಿದ ಆಸ್ಪತ್ರೆಯವರು ಹಾಕುವುದು ಬೆಡ್ ಚಾರ್ಜು, ಮನೆಗೆ ಕಳಿಸುವಾಗ ಬರೆದುಕೊಡುವುದು ಡಿಸ್‌ಚಾರ್ಜು. ಇಷ್ಟೆಲ್ಲ ಆದಮೇಲೆ ಅವನು ಹೆಂಡತಿಗೆ ಫೋನು ಮಾಡೋಣವೆಂದರೆ ಅದರಲ್ಲಿ ಚಾರ್ಜಿಲ್ಲ.

ಇಂಗ್ಲಿಷಿನ ಕ್ರಿಯಾಪದ ಕನ್ನಡಕ್ಕೆ ಬರುವಾಗ ತನ್ನ ಪ್ರತ್ಯಯಗಳನ್ನೆಲ್ಲ ಹೊಸ್ತಿಲಾಚೆ ಬಿಟ್ಟು ಬರಿಗೈಯಲ್ಲಿ ಬರುತ್ತದೆ. ಒಳಗೆ ಬಂದಮೇಲೆ ಮಾಡು, ಆಗು, ಹಾಕು, ಕೊಡು, ತೆಗೆದುಕೊ ಎಂಬ ನಮ್ಮ ಹಳೆಯ ಮನೆಯಾಳುಗಳು ಅದನ್ನು ಕೈಹಿಡಿದು ನಡೆಸುತ್ತವೆ. ಇಂಗ್ಲಿಷಿನವರು ಅರ್ಥಭೇದ ತೋರಲು ಕ್ರಿಯಾಪದದ ಹಿಂದೆ ಮುಂದೆ ಒಂದೊಂದು ಸಣ್ಣ ಮಾತು ಅಂಟಿಸುತ್ತಾರೆ. ನಾವು ಆ ಕೆಲಸವನ್ನು ಈ ಮನೆಯಾಳುಗಳಿಗೆ ಒಪ್ಪಿಸಿದ್ದೇವೆ. ಫೋನನ್ನು ‘ಚಾರ್ಜಿಗೆ ಹಾಕಿದ’ ಎಂಬುದಕ್ಕೂ, ‘ಚಾರ್ಜು ಹಾಕಿದ’ ಎಂಬುದಕ್ಕೂ ನಡುವೆ ಇರುವುದು ಒಂದು ಚತುರ್ಥೀ ವಿಭಕ್ತಿ ಮಾತ್ರ; ಮೊದಲನೆಯದರಲ್ಲಿ ಫೋನು ತುಂಬುತ್ತದೆ, ಎರಡನೆಯದರಲ್ಲಿ ನಮ್ಮ ಜೇಬು ಬರಿದಾಗುತ್ತದೆ. ಸಾಮಾನ್ಯವಾಗಿ ಇದರಿಂದ ಗೊಂದಲವಾಗುವುದಿಲ್ಲ. ಆದರೆ ‘ಚಾರ್ಜು ಕೊಟ್ಟರು’ ಎಂಬ ಒಂದು ಪ್ರಯೋಗವಿದೆಯಲ್ಲ, ಅದು ಅಪಾಯಕಾರಿ. ಬಸ್ಸಿನಲ್ಲಿ ಅದಕ್ಕೆ ಒಂದರ್ಥ, ಕಚೇರಿಯಲ್ಲಿ ಇನ್ನೊಂದು, ಕಾರ್ಖಾನೆಯಲ್ಲಿ ಮತ್ತೊಂದು. ಅದರ ಕಥೆಗೆ ಆಮೇಲೆ ಬರುತ್ತೇನೆ.

ಮೂಲಕ್ಕೆ ಹೋದರೆ ಇಷ್ಟೂ ಅರ್ಥಗಳ ಹಿಂದೆ ಇರುವುದು ಒಂದು ಗಾಡಿ. ಪ್ರಾಚೀನ ಗಾಲ್ ದೇಶದ ಕೆಲ್ಟರು ತಮ್ಮ ಬಂಡಿಯನ್ನು ಕರೆಯುತ್ತಿದ್ದ ಹೆಸರನ್ನು ರೋಮನರು ತೆಗೆದುಕೊಂಡು ‘ಕರ್ರುಸ್’ ಎಂದರು. ಅದರಿಂದ ‘ಕರ್ರಿಕಾರೆ’, ಎಂದರೆ ಗಾಡಿಗೆ ಹೇರು, ಎಂಬ ಕ್ರಿಯಾಪದ ಹುಟ್ಟಿತು. ಫ್ರೆಂಚರ ಬಾಯಲ್ಲಿ ಅದು ಸವೆದು, ಅವರಿಂದ ಇಂಗ್ಲೆಂಡಿಗೆ ದಾಟಿ ‘ಚಾರ್ಜ್’ ಆಯಿತು. ನಾವಿಂದು ಓಡಿಸುವ ಕಾರು, ಹಡಗಿಗೆ ತುಂಬುವ ಕಾರ್ಗೊ, ಹೊತ್ತೊಯ್ಯುವ ‘ಕ್ಯಾರಿ’, ಎಲ್ಲವೂ ಆ ಬಂಡಿಯ ಸಂತಾನವೇ. ವ್ಯಂಗ್ಯಚಿತ್ರಕಾರರ ಕ್ಯಾರಿಕೇಚರ್ ಕೂಡ ಇಟಲಿಯ ಕಡೆಯಿಂದ ಬಂದ ದಾಯಾದಿ. ಮೂಗನ್ನೋ ಮೀಸೆಯನ್ನೋ ಮಿತಿಮೀರಿ ಹೇರಿದ ಚಿತ್ರ ಎಂದು ಅದರ ಅರ್ಥ.

ಮೊದಲು ಗಾಡಿಗೆ ಸಾಮಾನು ಹೇರಿದರು. ಆಮೇಲೆ ಮನುಷ್ಯನ ಮೇಲೆ ಕೆಲಸ ಹೇರಿದರು, ಅದು ಅಧಿಕಾರವಾಯಿತು. ತಪ್ಪು ಹೇರಿದರು, ಆರೋಪವಾಯಿತು. ಖರ್ಚು ಹೇರಿದರು, ದರವಾಯಿತು. ಬಂದೂಕಿಗೆ ಮದ್ದು ತುಂಬುವುದಕ್ಕೂ ಅದೇ ಮಾತು ಬಂತು. ಸಿಪಾಯಿಗಳು ವೈರಿಯ ಮೇಲೆ ಏರಿಹೋಗುವುದೂ ಅದೇ ಮಾತಿನ ಕಕ್ಷೆಗೆ ಸೇರಿತು. ೧೮೫೪ರ ಅಕ್ಟೋಬರ್ ೨೫ರಂದು ಕ್ರಿಮಿಯಾದ ಬಾಲಕ್ಲಾವದಲ್ಲಿ ಬ್ರಿಟಿಷರ ಲೈಟ್ ಬ್ರಿಗೇಡು ರಷ್ಯನರ ತೋಪುಗಳ ಎದುರಿಗೆ ನುಗ್ಗಿ ಹಾಳಾದದ್ದನ್ನು ಕುರಿತು ಟೆನಿಸನ್ ಬರೆದ ಪದ್ಯ ನಮ್ಮ ತಲೆಮಾರಿನ ಪಠ್ಯದಲ್ಲಿತ್ತು. ಅದರ ಶೀರ್ಷಿಕೆಯನ್ನು ನಮ್ಮ ಮೇಷ್ಟರು ಹಲಗೆಯ ಮೇಲೆ ಬರೆದಾಗ ಹಿಂದಿನ ಬೆಂಚಿನ ಒಬ್ಬ, “ಸಾರ್, ಲೈಟ್ ಚಾರ್ಜು ತಿಂಗಳಿಗೆ ಎಷ್ಟು?” ಎಂದು ಕೇಳಿ ಬೆಂಚಿನ ಮೇಲೆ ನಿಂತುಕೊಂಡ. ಅವರ ಮನೆಗೆ ಆಗತಾನೆ ದೀಪ ಬಂದಿತ್ತು, ಪಾಪ.

ವಿದ್ಯುತ್ತಿಗೆ ಈ ಮಾತು ಬಂದದ್ದು ಬಂದೂಕಿನ ದಾರಿಯಾಗಿ. ೧೭೪೦ರ ದಶಕದ ಕೊನೆಯಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಲೇಡನ್ ಜಾಡಿಯೆಂಬ ಗಾಜಿನ ಪಾತ್ರೆಯಲ್ಲಿ ವಿದ್ಯುತ್ತನ್ನು ಕೂಡಿಡುವ ಪ್ರಯೋಗ ಮಾಡುತ್ತಿದ್ದಾಗ, ಮದ್ದು ತುಂಬುವ, ಹಾರಿಸುವ ಮಾತುಗಳನ್ನೇ ಅದಕ್ಕೂ ಬಳಸಿದ. ಹಲವು ಜಾಡಿಗಳನ್ನು ಜೋಡಿಸಿದ್ದಕ್ಕೆ ‘ಬ್ಯಾಟರಿ’ ಎಂದ. ಅದು ಫಿರಂಗಿಗಳ ಸಾಲಿಗೆ ಇದ್ದ ಹೆಸರು. ನಮ್ಮ ಪಠ್ಯಪುಸ್ತಕದವರು ಮಾತ್ರ ಇದಕ್ಕೆ ‘ಆವೇಶ’ ಎಂದು ಹೆಸರಿಟ್ಟರು. ವಿದ್ಯುದಾವೇಶ! ಮೈಮೇಲೆ ದೇವರು ಬಂದ ಹಾಗೆ ತಂತಿಯ ಮೇಲೆ ವಿದ್ಯುತ್ತು ಬರುತ್ತದೆ. ಕನ್ನಡ ಪಾರಿಭಾಷಿಕಗಳಲ್ಲಿ ಇಷ್ಟು ಚೆಲುವಾದದ್ದು ನನಗೆ ಇನ್ನೊಂದು ಕಂಡಿಲ್ಲ. ಆದರೆ “ಫೋನಿನಲ್ಲಿ ಆವೇಶವಿಲ್ಲ” ಎಂದು ಬಸ್ಸಿನಲ್ಲಿ ಹೇಳುವ ಧೈರ್ಯ ನನಗಿಲ್ಲ.

ಉಳಿದ ಅರ್ಥಗಳಿಗೆ ನಮ್ಮಲ್ಲಿ ಮಾತಿರಲಿಲ್ಲವೇ? ಇತ್ತು, ಅಷ್ಟೇ ಅಲ್ಲ, ಅವುಗಳಲ್ಲಿಯೂ ಹೊರೆಯೇ ಅಡಗಿತ್ತು. ‘ಆರೋಪ’ ಎಂದರೆ ಮೇಲೇರಿಸುವುದು. ಅಧಿಕಾರ ‘ವಹಿಸಿಕೊಂಡರು’ ಎನ್ನುತ್ತೇವೆ. ಆ ‘ವಹ್’ ಧಾತುವಿನಿಂದಲೇ ವಾಹನ ಬಂದದ್ದು, ಇಂಗ್ಲಿಷಿನ ವ್ಯಾಗನ್ನಿಗೂ ಅದಕ್ಕೂ ದೂರದ ನೆಂಟಸ್ತಿಕೆಯಿದೆ. ಮೇಲಧಿಕಾರಿಯ ಜಾಗದಲ್ಲಿ ತಾತ್ಕಾಲಿಕವಾಗಿ ಕುಳಿತವರನ್ನು ಸರ್ಕಾರಿ ಕನ್ನಡ ‘ಪ್ರಭಾರ’ ಎನ್ನುತ್ತದೆ. ಅಲ್ಲಿ ಇರುವುದು ಭಾರ. ಇವೆಲ್ಲ ಸಂಸ್ಕೃತದವು. ಅಚ್ಚ ಕನ್ನಡದಲ್ಲಿ ಹೊರು, ಹೊರಿಸು, ಹೇರು ಇವೆ. ಹೊಣೆಯನ್ನು ಹೊರುತ್ತೇವೆ, ತಪ್ಪನ್ನು ಹೊರಿಸುತ್ತೇವೆ, ತೆರಿಗೆಯನ್ನು ಹೇರುತ್ತೇವೆ. ಕರ್ರಿಕಾರೆಯ ಜಾತಕವನ್ನೇ ಕೇಳದ ನಮ್ಮ ರೈತ, ಕೈಯಲ್ಲಿ ಬಾರುಕೋಲು ಹಿಡಿದುಕೊಂಡೇ ಅದೇ ದಾರಿಯಲ್ಲಿ ಅಷ್ಟೇ ದೂರ ನಡೆದಿದ್ದಾನೆ.

‘ಹೇರು’ ಎಂಬುದು ಹಳೆಯ ಶಾಸನಗಳಲ್ಲಿ ಒಂದು ಅಳತೆ. ಒಂದು ಎತ್ತು ಹೊರುವಷ್ಟು ಸರಕು. ಇಂತಿಷ್ಟು ಹೇರಿಗೆ ಇಂತಿಷ್ಟು ಸುಂಕ ಎಂದು ಲೆಕ್ಕ. ಚಾಲುಕ್ಯರ, ಹೊಯ್ಸಳರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ ಎಂಬ ಸುಂಕಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಆ ಸುಂಕದ ಆದಾಯವನ್ನೇ ದೇವಸ್ಥಾನದ ದೀಪಕ್ಕೋ ಕೆರೆಯ ದುರಸ್ತಿಗೋ ಬಿಟ್ಟುಕೊಟ್ಟದ್ದೂ ಉಂಟು. ಇದನ್ನು ನೋಡಲು ಶಾಸನದ ಕಲ್ಲಿನ ತನಕ ಹೋಗಬೇಕಾಗಿಲ್ಲ. ಮಾಗಡಿ ರಸ್ತೆಯಲ್ಲಿ ವಿಜಯನಗರದ ಹತ್ತಿರ ‘ಟೋಲ್‌ಗೇಟ್’ ಎಂಬ ನಿಲ್ದಾಣವಿದೆ. ಗೇಟು ಇಲ್ಲ, ಸುಂಕದವನಿಲ್ಲ, ಎತ್ತಿನ ಗಾಡಿಯಂತೂ ಇಲ್ಲವೇ ಇಲ್ಲ. ಹೆಸರು ಮಾತ್ರ ಕಂಡಕ್ಟರ ಬಾಯಲ್ಲಿ ಉಳಿದಿದೆ. ಮಾಗಡಿಯ ಕಡೆಯಿಂದ ಪೇಟೆಗೆ ಹೇರಿಕೊಂಡು ಬಂದ ಗಾಡಿಯವನು ಅಲ್ಲಿ ನಿಂತು ದುಡ್ಡು ಕೊಟ್ಟು ಮುಂದೆ ಹೋಗಬೇಕಾಗಿತ್ತು. ಗಾಡಿ, ಹೊರೆ, ಹೊರೆಗೆ ಸುಂಕ: ‘ಚಾರ್ಜ್’ ಎಂಬ ಮಾತಿನ ಒಂದು ಸಾವಿರ ವರ್ಷದ ಚರಿತ್ರೆ ಆ ಒಂದು ಕಂಬದ ಬುಡದಲ್ಲಿ ದಿನವೂ ನಡೆಯುತ್ತಿತ್ತು ಎನ್ನಬಹುದು.

ಇಂಗ್ಲಿಷಿಗೂ ಮುಂಚೆ ನಮ್ಮ ಕಚೇರಿಗಳಲ್ಲಿ ಇನ್ನೊಂದು ಮಾತು ರಾಜ್ಯವಾಳುತ್ತಿತ್ತು: ‘ಹವಾಲೆ’. ದಫ್ತರವನ್ನೋ ಖಜಾನೆಯನ್ನೋ ಮುಂದಿನವನಿಗೆ ಒಪ್ಪಿಸುವುದು ಹವಾಲೆ ಮಾಡುವುದು. ಹಾಗೆ ಒಪ್ಪಿಸಿಕೊಂಡವನು ಹವಾಲುದಾರ. ಹವಾಲೆ ಹೋಗಿ ಚಾರ್ಜು ಬಂತು. ಪೊಲೀಸು ಠಾಣೆಯ ಹವಾಲುದಾರ ಮಾತ್ರ ಹೆಸರಿನಲ್ಲಿ ಉಳಿದುಕೊಂಡ, ಟೋಲ್‌ಗೇಟಿನ ಹಾಗೆ.

ನಿಘಂಟುಕಾರರ ಕಷ್ಟ ಇಲ್ಲಿಯೇ ಇರುವುದು. ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್ ಎಂಬ ಪಾದ್ರಿಯ ಇಂಗ್ಲಿಷ್–ಕನ್ನಡ ನಿಘಂಟು ೧೮೨೪ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ೧೮೯೪ರಲ್ಲಿ ಮಂಗಳೂರಿನಿಂದ ಕಿಟ್ಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು ಬಂತು. ೧೯೪೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಬಂತು. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ೧೯೭೦ರಿಂದ ೧೯೯೫ರವರೆಗೆ ಕಾಲು ಶತಮಾನ ಅಚ್ಚಿನಲ್ಲಿತ್ತು. ಇವರೆಲ್ಲ ಮಹಾಶ್ರಮ ಪಟ್ಟವರು, ಅವರಿಗೆ ಕೈಮುಗಿಯಬೇಕು. ಆದರೆ ನಿಘಂಟು ಒಂದು ಮಾತಿಗೆ ಹತ್ತು ಅರ್ಥ ಕೊಟ್ಟು ಸುಮ್ಮನಾಗುತ್ತದೆ. ನಿನ್ನ ಕೈಯಲ್ಲಿರುವ ಕಾಗದದಲ್ಲಿ ಇರುವುದು ಆ ಹತ್ತರಲ್ಲಿ ಯಾವುದು ಎಂದು ಪಕ್ಕದಲ್ಲಿ ಕುಳಿತು ಹೇಳುವ ಕೆಲಸ ಅದರದಲ್ಲ. ನಿಘಂಟನ್ನೇ ಕಂಡಿಲ್ಲದ ಮನೆಯ ಮಾತಂತೂ ಬೇರೆಯೇ.

ನಮ್ಮ ಮನೆಯಲ್ಲಿ ನಿಘಂಟು ಇರಲಿಲ್ಲ. ೧೯೬೬ರಲ್ಲಿ ನಾವು ರಾಜಾಜಿನಗರದ ಒಂದು ವಠಾರದಲ್ಲಿದ್ದೆವು. ಬಡಾವಣೆಗೆ ಇನ್ನೂ ಹದಿನೇಳೇ ವರ್ಷ. ೧೯೪೯ರಲ್ಲಿ, ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರೇ ಬಂದು ಅಸ್ತಿಭಾರವಿಟ್ಟ ಕೈಗಾರಿಕಾ ಉಪನಗರ ಅದು. ೧೯೪೬ರಲ್ಲಿ ಸ್ಥಾಪನೆಯಾದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆ ಒಂದು ಕಡೆ, ೧೯೫೭ರಲ್ಲಿ ಅಲ್ಲಿಗೆ ಬಂದ ಸರ್ಕಾರಿ ಸಾಬೂನು ಕಾರ್ಖಾನೆ ಇನ್ನೊಂದು ಕಡೆ. ಗಾಳಿ ತಿರುಗಿದರೆ ಬೀದಿಗೆಲ್ಲ ಗಂಧದ ವಾಸನೆ. ದಕ್ಷಿಣಕ್ಕೆ ಮಾಗಡಿ ರಸ್ತೆಯ ಬಟ್ಟೆ ಮಿಲ್ಲುಗಳು. ಬೆಳಗಿನ ಕೂಗಿಗೆ ಇಡೀ ಪಶ್ಚಿಮ ಬೆಂಗಳೂರು ಏಳುತ್ತಿತ್ತು. ಇಂದು ಕಿರ್ಲೋಸ್ಕರ್ ಕಾರ್ಖಾನೆಯಿದ್ದ ನೆಲದಲ್ಲಿ ಓರಿಯನ್ ಮಾಲ್ ನಿಂತಿದೆ. ಅಲ್ಲಿ ಗಾಡಿ ನಿಲ್ಲಿಸಲು ಕೊಡುವುದಕ್ಕೂ ಚಾರ್ಜೆಂದೇ ಹೆಸರು.

ಅಪ್ಪ ಒಂದು ಮಿಲ್ಲಿನಲ್ಲಿ ನೇಯ್ಗೆ ಖಾತೆಯ ಕೆಲಸಗಾರ. ಯಾವ ಮಿಲ್ಲೆಂಬುದು ಇಲ್ಲಿ ಬೇಡ. ಅದರ ಕೂಗೂ ನಿಂತು ವರ್ಷಗಳಾದವು. ಅಪ್ಪನಿಗೆ ಕನ್ನಡ ಓದಲು ಬರುತ್ತಿತ್ತು. ಇಂಗ್ಲಿಷಿನಲ್ಲಿ ತನ್ನ ಟಿಕೆಟ್ ನಂಬರು ಮಾತ್ರ. ಆ ವರ್ಷ ಅವನ ಸಾಲಿನ ಮೇಸ್ತ್ರಿ ನಿವೃತ್ತನಾಗುವವನಿದ್ದ. ಆ ಸಾಲಿನ ಚಾರ್ಜು ಯಾರಿಗೆ ಬರುತ್ತದೆ ಎಂಬುದೇ ಮೂರು ತಿಂಗಳಿಂದ ಮಿಲ್ಲಿನಲ್ಲಿಯೂ ನಮ್ಮ ಮನೆಯಲ್ಲಿಯೂ ಮಾತು. ಹೀಗಿರುವಾಗ ಒಂದು ಸಂಜೆ ಪಾಳಿ ಮುಗಿಸಿ ಹೊರಡುವ ಹೊತ್ತಿಗೆ ಆಫೀಸಿನ ಜವಾನ ಓಡಿಬಂದು, ಅಪ್ಪನ ಕೈಯಲ್ಲಿ ಒಂದು ಟೈಪು ಮಾಡಿದ ಕಾಗದವಿಟ್ಟು, ಪುಸ್ತಕದಲ್ಲಿ ರುಜು ಹಾಕಿಸಿಕೊಂಡು, “ನಿಂಗೆ ಚಾರ್ಜು ಕೊಟ್ಟವ್ರೆ ಕಣಣ್ಣ” ಎಂದು ಹೇಳಿ ಹೋದ.

ಜವಾನ ಸುಳ್ಳು ಹೇಳಲಿಲ್ಲ. ಅಪ್ಪನೂ ತಪ್ಪು ಕೇಳಿಸಿಕೊಳ್ಳಲಿಲ್ಲ.

ಮನೆಗೆ ಬಂದವನೇ ನನ್ನನ್ನು ಕರೆದು, “ಓದೋ ಮಗ” ಎಂದ. ನಾನಾಗ ಆರನೆಯ ತರಗತಿ. ಅಕ್ಷರ ಕೂಡಿಸಿ ಓದುತ್ತಾ ಹೋದೆ. ಎರಡನೆಯ ಸಾಲಿನಲ್ಲಿ ಒಂದು, ಐದನೆಯ ಸಾಲಿನಲ್ಲಿ ಇನ್ನೊಂದು ‘ಚಾರ್ಜ್’ ಸಿಕ್ಕಿತು. “ಇದೆಯಪ್ಪಾ, ಚಾರ್ಜು ಅಂತ ಎರಡು ಸಲ ಇದೆ” ಎಂದೆ. ಅಪ್ಪನ ಮುಖ ಅಂದು ಇದ್ದ ಹಾಗೆ ನಾನು ಮತ್ತೆ ಕೆಲವೇ ಸಲ ನೋಡಿದ್ದೇನೆ. ಅಮ್ಮ ಕಾಗದಕ್ಕೆ ಅರಿಸಿನ ಕುಂಕುಮ ಹಚ್ಚಿ ದೇವರ ಪಟದ ಮುಂದೆ ಇಟ್ಟಳು. ತಿಂಗಳ ಕೊನೆಯಾದರೂ ಅಂಗಡಿಯಿಂದ ಸಾಲ ತಂದು ಹೆಸರುಬೇಳೆ ಪಾಯಸ ಮಾಡಿದಳು. ವಠಾರದ ಎಂಟು ಮನೆಗೂ ಒಂದೊಂದು ಲೋಟ ಹೋಯಿತು.

ಆ ಲೋಟವೇ ನಮ್ಮನ್ನು ಉಳಿಸಿತೆನ್ನಬೇಕು. ಮಹಡಿಯ ಮನೆಯಲ್ಲಿ ಅಂಚೆ ಕಚೇರಿಯ ಗುಮಾಸ್ತರೊಬ್ಬರಿದ್ದರು; ವಠಾರಕ್ಕೆಲ್ಲ ಅವರು ರಾಯರು. ಊರಿಗೆ ಹೋಗಿದ್ದವರು ಐದು ದಿನ ಬಿಟ್ಟು ಬಂದು, ಹೆಂಡತಿಯಿಂದ ಪಾಯಸದ ಸುದ್ದಿ ಕೇಳಿ, ಅಪ್ಪನನ್ನು ಅಭಿನಂದಿಸಲು ಕೆಳಗಿಳಿದರು. ಅಪ್ಪ ಹೆಮ್ಮೆಯಿಂದ ಕಾಗದ ತಂದು ಕೊಟ್ಟ. ರಾಯರು ನಿಂತೇ ಓದಿದರು. ಆಮೇಲೆ ಕುಳಿತುಕೊಂಡು ಇನ್ನೊಂದು ಸಲ ಓದಿದರು.

“ಇದು ಯಾವತ್ತು ಕೈಗೆ ಬಂತಯ್ಯಾ?”

“ಸೋಮವಾರ ರಾಯರೇ.”

“ಇದು ನಿನಗೆ ಚಾರ್ಜು ಕೊಟ್ಟಿರೋದಲ್ಲಪ್ಪ. ನಿನ್ನ ಮೇಲೆ ಚಾರ್ಜು ಹೊರಿಸಿರೋದು.”

‘ಹೊರಿಸಿರೋದು’ ಎಂಬ ಆ ಒಂದು ಮಾತಿನಿಂದ ಅಪ್ಪನಿಗೆ ಎಲ್ಲ ತಿಳಿದುಹೋಯಿತು, ವಿವರಣೆ ಬೇಕಾಗಲಿಲ್ಲ. ಹೊರೆಯೆಂದರೆ ಏನೆಂದು ಅವನಿಗೆ ಗೊತ್ತಿತ್ತು. ಹಿಂದಿನ ವಾರ ಅವನ ಮಗ್ಗದಲ್ಲಿ ಹಾಸಿನ ಎಳೆ ತಪ್ಪಿ ಹಲವು ಗಜ ಬಟ್ಟೆ ಕೆಟ್ಟಿತ್ತು. ಆ ಹೊತ್ತಿನಲ್ಲಿ ಅವನು ಮಗ್ಗದ ಹತ್ತಿರ ಇರಲಿಲ್ಲ, ಚಹಾಕ್ಕೆ ಹೋಗಿದ್ದ ಎಂಬುದು ಆರೋಪ. ಏಳು ದಿನದೊಳಗೆ ಬರವಣಿಗೆಯಲ್ಲಿ ಸಮಜಾಯಿಷಿ ಕೊಡದಿದ್ದರೆ, ಹೇಳಿಕೊಳ್ಳುವುದು ಏನೂ ಇಲ್ಲವೆಂದು ಭಾವಿಸಿ ಮುಂದಿನ ಕ್ರಮ ಜರುಗಿಸಲಾಗುವುದು ಎಂದಿತ್ತು. ಉಳಿದದ್ದು ಎರಡೇ ದಿನ. ಆ ರಾತ್ರಿ ರಾಯರು ನಮ್ಮ ಮನೆಯ ದೀಪದ ಕೆಳಗೆ ಕುಳಿತು ಉತ್ತರ ಬರೆದರು. ಅಪ್ಪ ಕನ್ನಡದಲ್ಲಿ ಹೇಳುವುದು, ಅವರು ಇಂಗ್ಲಿಷಿಗೆ ತಿರುಗಿಸುವುದು, ಮತ್ತೆ ಕನ್ನಡದಲ್ಲಿ ಓದಿ ಹೇಳಿ ಸರಿಯೇ ಎಂದು ಕೇಳುವುದು. ಅಮ್ಮ ಮೂಲೆಯಲ್ಲಿ ಕುಳಿತು ಕಾಗದದ ಮೇಲಿನ ಕುಂಕುಮವನ್ನು ಒದ್ದೆ ಬಟ್ಟೆಯಿಂದ ಒರೆಸಲು ನೋಡಿದಳು. ಅದು ಹೋಗುವ ಬದಲು ಹರಡಿತು.

ದೊಡ್ಡವನಾಗಿ ಕಾನೂನಿನ ಪುಸ್ತಕಗಳನ್ನು ಒಂದಿಷ್ಟು ತಿರುವಿಹಾಕಿದಾಗ ನನಗೊಂದು ವಿಚಿತ್ರ ಕಂಡಿತು. ಆ ಕಾಲದಲ್ಲಿ ಕಾರ್ಖಾನೆಗಳಿಗೆ ಅನ್ವಯಿಸುತ್ತಿದ್ದುದು ೧೯೪೬ರ ಸ್ಥಾಯಿ ಆದೇಶಗಳ ಕಾಯಿದೆ. ಕಾರ್ಖಾನೆಯ ನಿಯಮಗಳನ್ನು ಇಂಗ್ಲಿಷಿನಲ್ಲಿಯೂ, ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿಯೂ ಎದ್ದು ಕಾಣುವ ಹಾಗೆ ಹಾಕಬೇಕೆಂದು ಅದರ ೯ನೆಯ ಪ್ರಕರಣ ವಿಧಿಸಿತ್ತು. ಕೆಲಸದಿಂದ ತೆಗೆಯುವ ಮುನ್ನ ಆರೋಪವನ್ನು ಬರವಣಿಗೆಯಲ್ಲಿ ತಿಳಿಸಿ ಸಮಜಾಯಿಷಿಗೆ ಅವಕಾಶ ಕೊಡಬೇಕೆಂದು ಮಾದರಿ ಆದೇಶಗಳಲ್ಲಿತ್ತು. ಗೋಡೆಯ ಮೇಲಿನ ನಿಯಮ ಯಾವ ಭಾಷೆಯಲ್ಲಿರಬೇಕೆಂದು ೯ನೆಯ ಪ್ರಕರಣ ಹೇಳಿತು. ಕೈಗೆ ಬರುವ ಕಾಗದದ ಮಾತನ್ನು ಅದು ಎತ್ತಲಿಲ್ಲ. ಗೋಡೆಯ ಮೇಲೆ ಕನ್ನಡ, ಅಪ್ಪನ ಕೈಯಲ್ಲಿ ಇಂಗ್ಲಿಷು.

ಕ್ರಿಮಿನಲ್ ನ್ಯಾಯಾಲಯಗಳು ಈ ವಿಷಯದಲ್ಲಿ ಸ್ವಲ್ಪ ಮುಂದೆ ಯೋಚಿಸಿದ್ದವು. ೧೮೯೮ರ ದಂಡಪ್ರಕ್ರಿಯಾ ಸಂಹಿತೆ ಆರೋಪವನ್ನು ಇಂಗ್ಲಿಷಿನಲ್ಲಾಗಲಿ ನ್ಯಾಯಾಲಯದ ಭಾಷೆಯಲ್ಲಾಗಲಿ ಬರೆಯಬಹುದೆಂದಿತ್ತು. ೧೯೭೩ರ ಹೊಸ ಸಂಹಿತೆಯಲ್ಲಿ ಆ ‘ಇಂಗ್ಲಿಷ್’ ಎಂಬ ಮಾತು ಬಿದ್ದುಹೋಗಿ, ನ್ಯಾಯಾಲಯದ ಭಾಷೆಯಲ್ಲಿಯೇ ಬರೆಯತಕ್ಕದ್ದು ಎಂದಾಯಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಆ ನಿಯಮ ಉಳಿದಿದೆ. ಬರೆದರೆ ಸಾಲದು, ಆರೋಪಿಗೆ ಅದನ್ನು ಓದಿ ಹೇಳಿ ವಿವರಿಸಬೇಕು, ಆಮೇಲೆಯೇ ಒಪ್ಪುತ್ತೀಯಾ ಇಲ್ಲವಾ ಎಂದು ಕೇಳಬೇಕು. ಓದಿ ಹೇಳಿ ವಿವರಿಸುವುದು ಎಂದರೆ ನಮ್ಮ ರಾಯರು ಮಾಡಿದ ಕೆಲಸವೇ. ಕಾನೂನು ಅದನ್ನು ನ್ಯಾಯಾಧೀಶರಿಗೆ ವಹಿಸಿದೆ.

ಇಲ್ಲಿ ಪತ್ರಿಕೆ ಓದುವವರೂ ಎಡವುವ ಒಂದು ಜಾಗವಿದೆ. ಪೊಲೀಸರು ತನಿಖೆ ಮುಗಿಸಿ ಸಲ್ಲಿಸುವುದನ್ನು ನಾವೆಲ್ಲ ಚಾರ್ಜ್‌ಶೀಟು, ಆರೋಪಪಟ್ಟಿ ಎನ್ನುತ್ತೇವೆ. ೧೯೭೩ರ ಸಂಹಿತೆಯಲ್ಲಿ ಅದಕ್ಕಿದ್ದ ಹೆಸರು ಪೊಲೀಸು ವರದಿ ಎಂದು. ನಿಜವಾದ ಚಾರ್ಜನ್ನು ಹೊರಿಸುವುದು ನ್ಯಾಯಾಲಯ, ಆ ವರದಿಯನ್ನೂ ಕಾಗದಪತ್ರಗಳನ್ನೂ ನೋಡಿದಮೇಲೆ. ಹೊರಿಸಲು ಆಧಾರವಿಲ್ಲವೆಂದು ಕಂಡರೆ ಆರೋಪಿಯನ್ನು ‘ಡಿಸ್‌ಚಾರ್ಜ್’ ಮಾಡುತ್ತದೆ, ಎಂದರೆ ಗಾಡಿಯಿಂದ ಹೊರೆ ಇಳಿಸುತ್ತದೆ. ಪತ್ರಿಕೆಯಲ್ಲಿ ಆರೋಪಪಟ್ಟಿಯ ಸುದ್ದಿ ಓದಿದ ಕೂಡಲೆ ಅಪರಾಧ ಸಾಬೀತಾಯಿತೆಂದು ತೀರ್ಮಾನಿಸುವ ಸ್ನೇಹಿತರು ನನಗೆ ಹಲವರಿದ್ದಾರೆ. ಅವರಲ್ಲಿ ಇಬ್ಬರು ಇಂಗ್ಲಿಷ್ ಎಂ.ಎ. ಮಾಡಿದವರು.

ಡಿಸ್‌ಚಾರ್ಜಿಗೆ ಕನ್ನಡದಲ್ಲಿ ‘ಬಿಡುಗಡೆ’ ಇದೆ. ಜೈಲಿಗೂ ಆಸ್ಪತ್ರೆಗೂ ಸಿನಿಮಾಕ್ಕೂ ಪುಸ್ತಕಕ್ಕೂ ಒಂದೇ. ನಾವೇನೂ ಕಡಮೆಯವರಲ್ಲ. ೧೯೫೮ರಲ್ಲಿ ಕಾರ್ಮಿಕರ ವಿಮಾ ಯೋಜನೆ ಬೆಂಗಳೂರಿಗೆ ಬಂದಮೇಲೆ ನಮ್ಮ ವಠಾರದ ಹೆಂಗಸರ ಬಾಯಲ್ಲಿಯೂ ‘ಡಿಚ್ಚಾರ್ಜು’ ನೆಲೆಸಿತು. ಅವರು ಆ ಮಾತನ್ನು ಎಂದೂ ತಪ್ಪಾಗಿ ಬಳಸಿದ್ದು ನಾನು ಕೇಳಲಿಲ್ಲ. ಒಳ್ಳೆಯ ಸುದ್ದಿಯ ಮಾತು ಬೇಗ ಬಾಯಿಗೆ ಹೊಂದಿಕೊಳ್ಳುತ್ತದೆಯೋ ಏನೋ.

ಅಪ್ಪನ ಉತ್ತರ ಏಳನೆಯ ದಿನ ಬೆಳಗ್ಗೆ ಆಫೀಸಿಗೆ ಹೋಯಿತು. ವಿಚಾರಣೆ ನಡೆಯಿತು. ಚಹಾಕ್ಕೆ ಹೋಗುವಾಗ ಬದಲಿ ಆಳಿಗೆ ಹೇಳಿಯೇ ಹೋಗಿದ್ದನೆಂದು ಆ ಬದಲಿಯೇ ಬಂದು ಸಾಕ್ಷಿ ನುಡಿದ. ಅದು ಆ ದಿನಗಳಲ್ಲಿ ಸುಲಭದ ಮಾತಲ್ಲ. ಕೆಲಸ ಉಳಿಯಿತು. ನಾಲ್ಕು ದಿನ ಸಸ್ಪೆಂಡು ಮಾಡಿದರು, ಮೇಸ್ತ್ರಿಯ ಜಾಗ ಬೇರೊಬ್ಬರಿಗೆ ಹೋಯಿತು. ಪಾಯಸದ ಸಾಲವನ್ನು ಅಮ್ಮ ಎರಡು ತಿಂಗಳಲ್ಲಿ ತೀರಿಸಿದಳು. ವಠಾರದವರು ಯಾರೂ ಆ ಮಾತನ್ನು ಮತ್ತೆ ಎತ್ತಲಿಲ್ಲ. ಅವರ ದೊಡ್ಡತನ ನನಗೆ ಅರ್ಥವಾದದ್ದು ಬಹಳ ತಡವಾಗಿ.

ಅದಾದಮೇಲೆ ಅಪ್ಪ ಆ ಶಬ್ದವನ್ನೇ ಬಿಟ್ಟುಬಿಟ್ಟ. ಬಿ.ಟಿ.ಎಸ್. ಬಸ್ಸು ಹತ್ತಿದರೆ ಎಲ್ಲರೂ “ಚಾರ್ಜೆಷ್ಟು?” ಎಂದು ಕೇಳುವಾಗ ಅವನು “ದುಡ್ಡೆಷ್ಟು?” ಎನ್ನುತ್ತಿದ್ದ. ಟಾರ್ಚಿನ ಸೆಲ್ಲು ಮುಗಿದರೆ “ಜೀವ ಹೋಯ್ತು” ಎನ್ನುತ್ತಿದ್ದ. ನಾನು ಹೈಸ್ಕೂಲಿಗೆ ಬಂದ ಹೊಸದರಲ್ಲಿ ಹುಡುಗಬುದ್ಧಿಯಿಂದ ಇದನ್ನು ಆಡಿಕೊಂಡು ನಕ್ಕದ್ದುಂಟು. ಎರಡು ಸಲ ಇದೆಯಪ್ಪಾ ಎಂದು ಅಂದು ಎಣಿಸಿ ಹೇಳಿದವನು ನಾನೇ ಎಂಬುದನ್ನು ಅವನು ಒಂದು ದಿನವೂ ನೆನಪಿಸಲಿಲ್ಲ.

೧೯೭೨ರಲ್ಲಿ ಇನ್ನೊಂದು ಕಾಗದ ಬಂತು. ಅದೂ ಇಂಗ್ಲಿಷಿನಲ್ಲಿಯೇ ಇತ್ತು, ಅದರಲ್ಲಿಯೂ ಚಾರ್ಜು ಇತ್ತು. ನಾನಾಗ ಕಾಲೇಜಿನಲ್ಲಿದ್ದೆ. ಓದಿ, “ಅಪ್ಪ, ಇದು ನಿಜವಾಗಿಯೂ ಸಾಲಿನ ಚಾರ್ಜೇ, ಒಂದನೇ ತಾರೀಖಿನಿಂದ ವಹಿಸಿಕೊಳ್ಳಬೇಕಂತೆ” ಎಂದೆ. ಅಪ್ಪ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ರಾಯರಿಗೆ ಆ ಹೊತ್ತಿಗೆ ಕೆಂಗೇರಿಯ ಕಡೆ ವರ್ಗವಾಗಿತ್ತು. ಅಲ್ಲಿಯೇ ಮನೆ ಮಾಡಿದ್ದರು. ಅಪ್ಪ ಆ ಸಂಜೆಯೇ ಮೈಸೂರು ರಸ್ತೆಯ ಬಸ್ಸು ಹಿಡಿದು ಕೆಂಗೇರಿಗೆ ಹೋದ. ರಾತ್ರಿ ಹತ್ತೂವರೆಗೆ ಹಿಂತಿರುಗಿ ಚಪ್ಪಲಿ ಬಿಡುತ್ತಾ ಅಮ್ಮನಿಗೆ, “ರಾಯರು ಓದಿದರು. ಬೇಳೆ ಇದ್ದರೆ ನೆನೆಹಾಕು” ಎಂದ.